ಪಾಸ್ ತಡೆಯುವುದನ್ನು ಕಲಿಸಿದ ಕೋಥ್ರೂಡಿನ ಆರು ಭಾನುವಾರಗಳು

ಪುಣೆಯ ಕೋಥ್ರೂಡಿನ ಒಂದು ಶಾಲಾ ಮೈದಾನದಲ್ಲಿ ಕಳೆದ ಚಳಿಗಾಲ ನಡೆದ ಫ್ಲ್ಯಾಗ್ ಫುಟ್‌ಬಾಲ್ ತರಬೇತಿಗೆ ನಾವು ನಾಲ್ವರು ಕನ್ನಡಿಗರು ಸೇರಿದ್ದೆವು. ಇಬ್ಬರು ಧಾರವಾಡದವರು, ಒಬ್ಬ ಬೆಳಗಾವಿಯವನು, ಒಬ್ಬಳು ಕಲಬುರಗಿಯವಳು. ಆರು ಭಾನುವಾರ, ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ, ತಲಾ 4,500 ರೂಪಾಯಿ ಶುಲ್ಕ. ನಾನು ಈ ಮೊದಲು ಕಂಡಿದ್ದ ಶಿಬಿರಗಳೆಲ್ಲ ಚೆಂಡನ್ನು ಎಸೆಯುವುದಕ್ಕೂ ಹಿಡಿಯುವುದಕ್ಕೂ ಮೀಸಲಾಗಿದ್ದವು. ರಕ್ಷಣೆಯನ್ನು ಕೊನೆಯ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಿದ್ದರು. ಈ ತರಬೇತಿ ಆರಂಭದಿಂದ ಕೊನೆಯವರೆಗೆ ಎದುರಾಳಿಯ ಪಾಸನ್ನು ತಡೆಯುವ ವಿದ್ಯೆಯೊಂದನ್ನೇ ಹಿಡಿದುಕೊಂಡಿತು. ಆ ಕಾರಣಕ್ಕೇ ಇದರ ಬಗ್ಗೆ ವಿವರವಾಗಿ ಬರೆಯಬೇಕೆನಿಸಿತು.

2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನವು ಕ್ರಿಕೆಟ್ ಜೊತೆಗೆ ಫ್ಲ್ಯಾಗ್ ಫುಟ್‌ಬಾಲನ್ನೂ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಸೇರಿಸಿತು. ನಮ್ಮ ತಂಡದ ಅನೇಕರಿಗೆ ಈ ಆಟದ ಹೆಸರು ಕಿವಿಗೆ ಬಿದ್ದದ್ದೇ ಆ ಸುದ್ದಿಯಿಂದ. ತಿಳಿಯದವರಿಗಾಗಿ ಎರಡು ಮಾತು: ಇದು ಅಮೆರಿಕನ್ ಫುಟ್‌ಬಾಲಿನ ಡಿಕ್ಕಿಯಿಲ್ಲದ ರೂಪ. ಹನ್ನೊಂದು ಮಂದಿಯ ಬದಲು ಐದು ಮಂದಿ ಆಡುತ್ತಾರೆ, ಕೆಡವುವುದರ ಬದಲು ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಕಿತ್ತುಕೊಳ್ಳುತ್ತಾರೆ.

ಮೊದಲ ಭಾನುವಾರ ತರಬೇತುದಾರರು ಚೆಂಡನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಎರಡೂವರೆ ಗಂಟೆ ಹಿಂದಕ್ಕೆ ಓಡುವುದು, ಓಡುತ್ತಲೇ ಸೊಂಟ ತಿರುಗಿಸುವುದು, ಎದುರಿಗಿರುವವನ ಯಾವ ಭಾಗವನ್ನು ನೋಡಬೇಕೆಂಬ ಅಭ್ಯಾಸ, ಇಷ್ಟೇ ನಡೆಯಿತು. ಪಾಸ್ ಹಿಡಿಯಲು ಓಡುವ ರಿಸೀವರ್ ತನ್ನ ತಲೆಯಿಂದ, ಭುಜದಿಂದ, ಕಣ್ಣಿನಿಂದ ಸುಳ್ಳು ಹೇಳಬಲ್ಲ. ಆದರೆ ಸೊಂಟ ತಿರುಗದೆ ಅವನ ದಾರಿ ತಿರುಗುವುದಿಲ್ಲ. ಹಾಗಾಗಿ ಒಬ್ಬನಿಗೆ ಒಬ್ಬನಂತೆ ಕಾಯುವ ಮ್ಯಾನ್ ಕವರೇಜ್‌ನಲ್ಲಿ ರಕ್ಷಕನ ಕಣ್ಣು ಎದುರಾಳಿಯ ಸೊಂಟದ ಮೇಲೆ ನೆಟ್ಟಿರಬೇಕು. ತನ್ನ ಪಾಲಿನ ಜಾಗವನ್ನು ಕಾಯುವ ಝೋನ್ ಕವರೇಜ್‌ನಲ್ಲಿ ಅದೇ ಕಣ್ಣು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೇಲಿದ್ದು, ಜಾಗಕ್ಕೆ ನುಗ್ಗುವವರನ್ನು ಓರೆನೋಟದಲ್ಲಿ ಹಿಡಿದಿಡಬೇಕು. ರಕ್ಷಣೆಯಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಕಾಲಿನ ವೇಗದ ಕೊರತೆಯಿಂದಲ್ಲ, ಕಣ್ಣು ಇರಬಾರದ ಕಡೆ ಇದ್ದುದರಿಂದ ಆಗುತ್ತವೆ ಎಂಬುದನ್ನು ಅವರು ನಮ್ಮ ಕೈಯಲ್ಲೇ ತಪ್ಪು ಮಾಡಿಸಿ ತೋರಿಸಿದರು. ಇಡೀ ತರಬೇತಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಈ ಪಾಠ. ಇದೊಂದಕ್ಕೇ ಶುಲ್ಕದ ಅರ್ಧ ಕೊಡಬಹುದು.

ನಮ್ಮಲ್ಲಿ ಮೂವರು ಶಾಲಾದಿನಗಳಲ್ಲಿ ಕಬಡ್ಡಿ ಆಡಿದವರು. ಕಬಡ್ಡಿಯಲ್ಲೂ ರಕ್ಷಕರ ಸ್ಥಾನಗಳಿಗೆ ಕಾರ್ನರ್, ಕವರ್ ಎಂದೇ ಹೆಸರು. ಆದರೆ ಅಲ್ಲಿ ಏಳು ಮಂದಿಯ ನೋಟ ಒಬ್ಬನೇ ರೈಡರ್‌ನ ಮೇಲೆ ಕೂಡಿಕೊಳ್ಳುತ್ತದೆ. ಇಲ್ಲಿ ನಾಲ್ಕು ಜನ ನಾಲ್ಕು ದಿಕ್ಕಿಗೆ ಓಡುವಾಗ ನೋಟವನ್ನು ಹಂಚಿಕೊಳ್ಳಬೇಕು. ಚೆಂಡಿನ ಕಡೆಗೆ ಎಲ್ಲರೂ ಒಟ್ಟಿಗೆ ನುಗ್ಗುವ ಹಳೆಯ ಚಟವನ್ನು ಬಿಡಲು ನಮಗೆ ಎರಡು ವಾರ ಬೇಕಾಯಿತು. ತರಬೇತುದಾರರು ‘ಅಸೈನ್‌ಮೆಂಟ್’ ಎಂದು ಹೇಳುತ್ತಿದ್ದುದನ್ನು ನಾವು ನಮ್ಮೊಳಗೆ ‘ಪಾಲು’ ಎಂದುಕೊಂಡೆವು. ‘ನಿನ್ನ ಪಾಲು ಬಿಡಬ್ಯಾಡ’ ಎಂಬ ಕೂಗು ಆ ಮೈದಾನದ ಮರಾಠಿ ಹುಡುಗರಿಗೂ ಮೂರನೆಯ ವಾರದ ಹೊತ್ತಿಗೆ ಅರ್ಥವಾಗುತ್ತಿತ್ತು.

ಎರಡನೆಯ ಮತ್ತು ಮೂರನೆಯ ಭಾನುವಾರಗಳ ಬಗ್ಗೆ ನನಗೆ ಆಕ್ಷೇಪವಿದೆ. ಹನ್ನೊಂದು ಮಂದಿಯ ಆಟದ ನಕ್ಷೆಗಳನ್ನು ಹಾಗೆಹಾಗೆಯೇ ತಂದು ಬೋರ್ಡಿನ ಮೇಲೆ ಬರೆದರು. ಕವರ್ 1, ಕವರ್ 2, ಕವರ್ 3, ಕವರ್ 4 ಎಂಬ ಹೆಸರುಗಳಲ್ಲಿರುವ ಸಂಖ್ಯೆ ಸಾಮಾನ್ಯವಾಗಿ ಹಿಂಬದಿಯ ಆಳವನ್ನು ಎಷ್ಟು ಜನ ಕಾಯುತ್ತಾರೆ ಎಂಬುದನ್ನು ಸೂಚಿಸುತ್ತದೆ. ಕವರ್ 0 ಎಂದರೆ ಹಿಂದೆ ಯಾರೂ ಇಲ್ಲ. ಇದನ್ನು ಸ್ಪಷ್ಟವಾಗಿಯೇ ವಿವರಿಸಿದರು. ಅಮೆರಿಕದ ತರಬೇತುದಾರರಾದ ಟೋನಿ ಡಂಜಿ ಮತ್ತು ಮಾಂಟಿ ಕಿಫಿನ್ ಅವರ ಟ್ಯಾಂಪಾ 2 ಪದ್ಧತಿಯಲ್ಲಿ ಮುಂಸಾಲಿನ ಹಿಂದೆ ನಡುವೆ ನಿಲ್ಲುವ ಲೈನ್‌ಬ್ಯಾಕರ್ ಏಕೆ ಹಿಂದಕ್ಕೆ ಓಡಿ ಹಿಂಬದಿಯ ಆಳವನ್ನು ಕಾಯುವ ಇಬ್ಬರು ಸೇಫ್ಟಿಗಳ ನಡುವಿನ ಬಿರುಕನ್ನು ಮುಚ್ಚುತ್ತಾನೆ ಎಂಬುದನ್ನೂ ಚೆನ್ನಾಗಿ ಹೇಳಿದರು. ಆದರೆ ನಮ್ಮ ಮೈದಾನದ ಲೆಕ್ಕವೇ ಬೇರೆ. ದೊಡ್ಡ ಆಟದ ಮೈದಾನ ಐವತ್ಮೂರು ಯಾರ್ಡಿಗಿಂತ ಸ್ವಲ್ಪ ಹೆಚ್ಚು ಅಗಲವಿದ್ದು, ಕವರ್ 2ರಲ್ಲಿ ಪ್ರತಿ ಸೇಫ್ಟಿಯ ಪಾಲಿಗೆ ಸುಮಾರು 27 ಯಾರ್ಡ್ ಬರುತ್ತದೆ. ಫ್ಲ್ಯಾಗ್ ಮೈದಾನದ ಇಡೀ ಅಗಲವೇ 25 ಯಾರ್ಡ್. ಅಂದರೆ ಅಲ್ಲಿ ಒಬ್ಬನ ಪಾಲು ಇಲ್ಲಿ ಇಡೀ ಮೈದಾನ. ಇಲ್ಲಿ ಇಬ್ಬರು ಹಿಂದೆ ನಿಂತರೆ ಒಬ್ಬೊಬ್ಬರಿಗೆ ಹನ್ನೆರಡೂವರೆ ಯಾರ್ಡ್ ಸಿಗುತ್ತದೆ. ಅಗಲದ ಮಟ್ಟಿಗೆ ಅದು ದೊಡ್ಡ ಆಟದ ಕವರ್ 4ಕ್ಕೆ ಹತ್ತಿರವೇ ಹೊರತು ಕವರ್ 2ಕ್ಕಲ್ಲ. ಈ ಸರಳ ಭಾಗಾಕಾರವನ್ನು ಮೊದಲ ದಿನವೇ ಮಾಡಿಸಿದ್ದರೆ ಎರಡು ವಾರಗಳ ಗೊಂದಲ ತಪ್ಪುತ್ತಿತ್ತು.

ಇನ್ನೊಂದು ಲೆಕ್ಕವನ್ನು ಅವರು ನಾಲ್ಕನೆಯ ವಾರ ತೆಗೆದುಕೊಂಡರು, ಮತ್ತು ಅಲ್ಲಿಂದ ತರಬೇತಿ ನಿಜವಾಗಿ ಮೇಲೇರಿತು. ಎದುರಾಳಿಯ ಐವರಲ್ಲಿ ಒಬ್ಬ ಎಸೆಯುವವನು. ಉಳಿದ ನಾಲ್ವರೂ, ಚೆಂಡು ಕೊಟ್ಟ ಸೆಂಟರ್ ಸೇರಿದಂತೆ, ಹಿಡಿಯಬಲ್ಲರು. ನಮ್ಮ ಐವರಲ್ಲಿ ಒಬ್ಬನನ್ನು ಏಳು ಯಾರ್ಡ್ ದೂರದಿಂದ ಎಸೆಯುವವನ ಮೇಲೆ ನುಗ್ಗಿಸಿದರೆ ನಾಲ್ವರಿಗೆ ನಾಲ್ವರು ಉಳಿಯುತ್ತಾರೆ, ಮ್ಯಾನ್ ಆಡಿದರೆ ಹಿಂದೆ ಕಾಯಲು ಯಾರೂ ಇರುವುದಿಲ್ಲ. ನುಗ್ಗಿಸದಿದ್ದರೆ ಒಬ್ಬ ಹೆಚ್ಚುವರಿ ಕಾವಲುಗಾರ ಸಿಗುತ್ತಾನೆ, ಆದರೆ ಎಸೆಯುವವನಿಗೆ ನಿಂತು ನೋಡುವ ಸಮಯವೂ ಸಿಗುತ್ತದೆ. ನುಗ್ಗುವವನ ವೇಗವನ್ನೂ ಹಿಂದಿನವರ ತಾಳ್ಮೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾದ ಈ ಆಯ್ಕೆಯನ್ನು ಪ್ರತಿ ಡೌನ್‌ಗೂ, ಅಂದರೆ ದಾಳಿಯ ಒಂದೊಂದು ಪ್ರಯತ್ನಕ್ಕೂ, ಮೊದಲು ನಮ್ಮಿಂದಲೇ ಬಾಯಿಬಿಟ್ಟು ಹೇಳಿಸಿದರು.

ಐದನೆಯ ಭಾನುವಾರ ತೋರಿಸಿದ ಒಂದು ವಿಡಿಯೋ ತುಣುಕನ್ನು ನಾನು ಮರೆಯಲಾರೆ. 2015ರ ಫೆಬ್ರವರಿ 1ರಂದು ಗ್ಲೆಂಡೇಲ್‌ನಲ್ಲಿ ನಡೆದ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಅಂತಿಮ ಪಂದ್ಯ. ನ್ಯೂ ಇಂಗ್ಲೆಂಡ್ 28-24ರಿಂದ ಮುಂದಿದೆ, ಸಿಯಾಟಲ್ ಗುರಿಗೆರೆಯಿಂದ ಒಂದೇ ಯಾರ್ಡ್ ದೂರದಲ್ಲಿದೆ, ಗಡಿಯಾರದಲ್ಲಿ ಅರ್ಧ ನಿಮಿಷವೂ ಉಳಿದಿಲ್ಲ. ಬಲಬದಿಯಲ್ಲಿ ಇಬ್ಬರು ರಿಸೀವರ್‌ಗಳು ಒಬ್ಬನ ಹಿಂದೊಬ್ಬ ನಿಂತಿದ್ದಾರೆ. ಮುಂದಿರುವವನು ರಕ್ಷಕರಿಗೆ ಅಡ್ಡವಾಗಿ, ಅದೇ ಸಂದಿಯಲ್ಲಿ ಹಿಂದಿನವನು ಒಳಗೆ ಜಾರಿ ಚೆಂಡು ಹಿಡಿಯಬೇಕು, ಅದು ಉಪಾಯ. ನ್ಯೂ ಇಂಗ್ಲೆಂಡಿನ ರಕ್ಷಕ ಬ್ರ್ಯಾಂಡನ್ ಬ್ರೌನರ್ ಮುಂದಿನವನನ್ನು ನಿಂತಲ್ಲೇ ಅದುಮಿ ಹಿಡಿದ. ಬ್ರೌನರ್‌ನ ಹಿಂದೆ ಕೆಲವು ಹೆಜ್ಜೆ ಆಳದಲ್ಲಿದ್ದ ಅದೇ ತಂಡದ ಮಾಲ್ಕಮ್ ಬಟ್ಲರ್‌ಗೆ ದಾರಿ ತೆರೆದೇ ಉಳಿಯಿತು, ಅವನು ಓಡಿಬಂದು ಚೆಂಡನ್ನು ಕಸಿದುಕೊಂಡ. ಆ ವಾರದ ಅಭ್ಯಾಸದಲ್ಲಿ ಅದೇ ಉಪಾಯಕ್ಕೆ ಬಟ್ಲರ್ ಸೋತಿದ್ದನೆಂಬ ವಿವರವನ್ನು ತರಬೇತುದಾರರು ಹೇಳಿದಾಗ ಇಡೀ ಗುಂಪು ಮೌನವಾಗಿ ಕುಳಿತಿತ್ತು. ಎಲ್ಲರ ನೆನಪಿನಲ್ಲಿ ಬಟ್ಲರ್ ಇದ್ದಾನೆ. ಆದರೆ ಬ್ರೌನರ್ ತನ್ನ ಪಾಲನ್ನು ಅರ್ಧ ಹೆಜ್ಜೆ ಬಿಟ್ಟುಕೊಟ್ಟಿದ್ದರೂ ಬಟ್ಲರ್ ಅಲ್ಲಿಗೆ ತಲುಪುತ್ತಿರಲಿಲ್ಲ.

ತುಣುಕು ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆ ಇನ್ನೂ ಚೆನ್ನಾಗಿತ್ತು: ಮೈಮುಟ್ಟುವಂತಿಲ್ಲದ ನಮ್ಮ ಆಟದಲ್ಲಿ ಬ್ರೌನರ್‌ನ ಕೆಲಸವನ್ನು ಹೇಗೆ ಮಾಡುವುದು? ದೊಡ್ಡ ಆಟದಲ್ಲಿ ಇಂಥ ತಡೆಗೆ ಮಿತಿ ಹಾಕಿದ 1978ರ ನಿಯಮದ ನಂತರವೂ ಮೊದಲ ಐದು ಯಾರ್ಡುಗಳಲ್ಲಿ ರಿಸೀವರ್‌ನನ್ನು ತಡೆಯಲು ಅವಕಾಶವಿದೆ, ಇಲ್ಲಿ ಅದೂ ಇಲ್ಲ. ಉತ್ತರವಾಗಿ ಎರಡು ಸಂಗತಿಗಳನ್ನು ಅಭ್ಯಾಸ ಮಾಡಿಸಿದರು. ಅಕ್ಕಪಕ್ಕದ ಇಬ್ಬರು ರಕ್ಷಕರು ಎಂದೂ ಒಂದೇ ಆಳದಲ್ಲಿ ನಿಲ್ಲಬಾರದು, ನಿಂತರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಎರಡನೆಯದಾಗಿ, ರಿಸೀವರ್‌ಗಳು ಅಡ್ಡಹಾಯುವ ಕ್ಷಣದಲ್ಲಿ ‘ಸ್ವಿಚ್’ ಎಂದು ಕೂಗಿ ಪಾಲು ಬದಲಿಸಿಕೊಳ್ಳಬೇಕು, ಒಳಗೆ ಬಂದವನು ಒಳಗಿನವನಿಗೆ, ಹೊರಗೆ ಹೋದವನು ಹೊರಗಿನವನಿಗೆ. ನಾವು ಇದನ್ನು ನಲವತ್ತು ಬಾರಿಯಾದರೂ ಮಾಡಿದೆವು, ಮೊದಲ ಹದಿನೈದರಲ್ಲಿ ಕೂಗು ತಡವಾಗಿ ಬಂತು.

ಝೋನ್ ಪಾಠ ಮಾತ್ರ ಕೊನೆಯವರೆಗೂ ಅಪೂರ್ಣವಾಗಿಯೇ ಉಳಿಯಿತು. ನೆಲದ ಮೇಲೆ ಸುಣ್ಣದ ವೃತ್ತಗಳನ್ನು ಬರೆದು, ಅದರೊಳಗೆ ನಿಲ್ಲಿ ಎಂದು ಹೇಳಿದರು. ಹಾಗೆ ನಿಂತವನು ಕಾಯುವುದು ಹುಲ್ಲನ್ನೇ ಹೊರತು ಆಟಗಾರನನ್ನಲ್ಲ. 1990ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ತರಬೇತುದಾರರಾದ ಬಿಲ್ ಬೆಲಿಚಿಕ್ ಮತ್ತು ನಿಕ್ ಸೇಬನ್ ಒಟ್ಟಿಗೆ ಕೆಲಸ ಮಾಡುತ್ತಿದ್ದಾಗ ರೂಪಿಸಿದ ಮ್ಯಾಚ್ ಪದ್ಧತಿಯಲ್ಲಿ ರಕ್ಷಕನು ಝೋನ್‌ನಂತೆ ಆರಂಭಿಸಿ, ರಿಸೀವರ್‌ಗಳ ಓಟ ತಿಳಿಯುತ್ತಲೇ ತನ್ನ ಜಾಗಕ್ಕೆ ಬಂದವನಿಗೆ ಅಂಟಿಕೊಳ್ಳುತ್ತಾನೆ. ‘ಸ್ವಿಚ್’ ಕಲಿಸಿದ ಮೇಲೆ ಇದು ಒಂದೇ ಹೆಜ್ಜೆಯ ದೂರದಲ್ಲಿತ್ತು. ಆ ಹೆಜ್ಜೆಯನ್ನು ಇಡಿಸಲಿಲ್ಲ. ಕೊನೆಯ ಭಾನುವಾರದ ಪಂದ್ಯದಲ್ಲಿ ಎದುರಾಳಿ ತಂಡದ ಹುಡುಗಿಯೊಬ್ಬಳು ನಮ್ಮ ಎರಡು ವೃತ್ತಗಳ ನಡುವಿನ ಸಂದಿಯಲ್ಲಿ ಮೂರು ಬಾರಿ ಚೆಂಡು ಹಿಡಿದಳು. ಮೂರೂ ಬಾರಿ ನಾನು ನನ್ನ ವೃತ್ತದೊಳಗೇ ಇದ್ದೆ, ಹೇಳಿದ್ದನ್ನೇ ಮಾಡಿದ್ದೆ. ಅದರ ನೋವು ಇನ್ನೂ ಹೋಗಿಲ್ಲ.

ಪ್ರತಿ ವಾರದ ಅಭ್ಯಾಸದ ವಿಡಿಯೋ ಕಳುಹಿಸುತ್ತೇವೆಂದು ಸೇರುವಾಗ ಹೇಳಿದ್ದರು, ಆರರಲ್ಲಿ ಎರಡು ವಾರದ್ದು ಮಾತ್ರ ಬಂತು. ಕಣ್ಣಿನ ತಪ್ಪನ್ನು ತಿದ್ದಿಕೊಳ್ಳಲು ವಿಡಿಯೋಗಿಂತ ಒಳ್ಳೆಯ ಸಾಧನವಿಲ್ಲವಾದ್ದರಿಂದ ಇದನ್ನು ಸಣ್ಣ ಕೊರತೆಯೆಂದು ನಾನು ಭಾವಿಸುವುದಿಲ್ಲ. ಮೈದಾನ ಗಟ್ಟಿ ನೆಲದ್ದು. ಹಿಂದಕ್ಕೆ ಓಡುವಾಗ ಜಾರದ ಬೂಟು ಬೇಕು. ನೀರಿನ ವ್ಯವಸ್ಥೆ ಚೆನ್ನಾಗಿತ್ತು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಆಟವನ್ನು ಹೊಸದಾಗಿ ಆರಂಭಿಸುವವರು ಮೊದಲು ಬೇರೆಡೆ ನಿಯಮಗಳನ್ನು ಕಲಿತು ಬರುವುದು ಒಳಿತು. ಒಂದೆರಡು ಪಂದ್ಯ ಆಡಿ, ತಮ್ಮ ಬೆನ್ನ ಹಿಂದೆ ಚೆಂಡು ಏಕೆ ಬೀಳುತ್ತದೆಂದು ತಿಳಿಯದವರು ತಪ್ಪದೆ ಸೇರಬೇಕು. ಮಳೆಗಾಲದ ನಂತರದ ತಂಡಕ್ಕೆ ನಾವು ನಾಲ್ವರೂ ಮತ್ತೆ ಹೆಸರು ಕೊಟ್ಟಿದ್ದೇವೆ, ಸುಣ್ಣದ ವೃತ್ತಗಳ ಬದಲು ಮ್ಯಾಚ್ ಪದ್ಧತಿಯನ್ನು ಕಲಿಸಬೇಕೆಂದು ಬರವಣಿಗೆಯಲ್ಲೇ ಕೇಳಿದ್ದೇವೆ.