ಎಂ.ಆರ್ಕ್ ಆದ ಮೇಲೆ ಪಾಠದ ದಾರಿ: ಪಿಎಚ್‌ಡಿ ಮೊದಲೋ, ಆಫೀಸು ಮೊದಲೋ?

ಎಂ.ಆರ್ಕ್ ಅಂದರೆ ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿ. ಅದು ಮುಗಿಸಿ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದವರು ಪಿಎಚ್‌ಡಿ ಸೇರಬೇಕೋ, ಆರ್ಕಿಟೆಕ್ಟ್ ಆಫೀಸಿನಲ್ಲಿ ಕೆಲಸ ಮಾಡಬೇಕೋ ಅನ್ನುವುದು ಪ್ರಶ್ನೆ. ಮೊದಲು ದುಡ್ಡಿನ ಮಾತು. ಐಐಟಿಯಂಥ ಕಡೆ ಫೆಲೋಶಿಪ್ ಸಿಕ್ಕರೆ ಪಿಎಚ್‌ಡಿಗೆ ತಿಂಗಳಿಗೆ 37,000 ರೂಪಾಯಿಯಿಂದ ಶುರು. ಆಫೀಸಿನಲ್ಲಿ ಆರಂಭದ ಸಂಬಳ ಎಷ್ಟೋ ಸಲ ಅಷ್ಟೂ ಇರುವುದಿಲ್ಲ. ಆಫೀಸಿನ ಜೊತೆಗೆ ಕಾಲೇಜಿನಲ್ಲಿ ವಿಸಿಟಿಂಗ್ ಫ್ಯಾಕಲ್ಟಿಯಾಗಿ (ಅತಿಥಿ ಉಪನ್ಯಾಸಕರಾಗಿ) ಪಾಠ ಮಾಡಬಹುದು. ಆದರೆ ಅಲ್ಲಿ ಗಂಟೆ ಲೆಕ್ಕದ ಹಣ, ರಜೆಯಲ್ಲಿ ಕೈ ಖಾಲಿ.

ಸ್ಟುಡಿಯೋ ಪಾಠದಲ್ಲಿ (ಮಕ್ಕಳ ಕೈಯಲ್ಲಿ ವಿನ್ಯಾಸ ಮಾಡಿಸುವ ತರಗತಿಯಲ್ಲಿ) ಮಾತ್ರ ಆಫೀಸಿನ ಅನುಭವ ಬೇರೆಯೇ. ಡ್ರಾಯಿಂಗಿನಲ್ಲಿ ಚೆಂದ ಕಂಡ ಮೆಟ್ಟಿಲು ಸೈಟಿನಲ್ಲಿ ತಲೆಗೆ ಬಡಿಯುತ್ತದೆ ಅಂತ ಹೇಳಲು ಸೈಟು ನೋಡಿರಬೇಕು, ಅಲ್ವಾ? ಪಾಠ ಮಾಡುವವರು ಸೈಟು ನೋಡಿದ್ದಾರೋ ಇಲ್ಲವೋ ಅಂತ ಮಕ್ಕಳಿಗೂ ಬೇಗ ಗೊತ್ತಾಗುತ್ತದೆ. ವಾಸ್ತುಶಿಲ್ಪ ಪರಿಷತ್ತಿನ (ಕೌನ್ಸಿಲ್ ಆಫ್ ಆರ್ಕಿಟೆಕ್ಚರ್) ನೋಂದಣಿಯನ್ನಂತೂ ಈಗಲೇ ಮಾಡಿಸಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಅದಿಲ್ಲದೆ ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳುವಂತಿಲ್ಲ.

ಐಐಟಿಯಲ್ಲಿ ಕಾಯಂ ಕೆಲಸ, ಮುಂದೆ ಪ್ರೊಫೆಸರ್ ಹುದ್ದೆ ಬೇಕಿದ್ದರೆ ಪಿಎಚ್‌ಡಿ ತಪ್ಪುವುದಿಲ್ಲ. ಇತಿಹಾಸ, ಸಂರಕ್ಷಣೆ, ಕಟ್ಟಡದ ತಾಪಮಾನದಂಥ ಒಂದು ಪ್ರಶ್ನೆ ಆಗಲೇ ತಲೆ ತಿನ್ನುತ್ತಿದ್ದರೆ ನೇರ ಸೇರಿಕೊಳ್ಳಿ. ಪ್ರಶ್ನೆಯೇ ಇಲ್ಲದೆ ಸುಮ್ನೆ ಸೇರಿದರೆ ವರ್ಷಗಳು ಜಾಸ್ತಿ ಎಳೆಯುತ್ತವೆ. ವಿನ್ಯಾಸ ಕಲಿಸುವುದೇ ಆಸೆ, ಊರು ಬಿಡುವಂತಿಲ್ಲ ಅನ್ನುವವರಿಗೆ ಎರಡು ಮೂರು ವರ್ಷ ಆಫೀಸು, ವಾರಕ್ಕೊಂದು ದಿನ ಕಾಲೇಜು ಹೊಂದುತ್ತದೆ.

ಎಂ.ಆರ್ಕ್ ಮುಗಿದ ಕೂಡಲೇ ಖಾಸಗಿ ಕಾಲೇಜು ಸೇರುವುದೂ ಒಂದು ದಾರಿ. ಮನೆಗೆ ಸಂಬಳ ತುರ್ತಾಗಿ ಬೇಕಿದ್ದರೆ ಸರಿ. ಸೇರುವ ಮುನ್ನ ವಾರಕ್ಕೆ ಎಷ್ಟು ಗಂಟೆ ಪಾಠ, ಪಿಎಚ್‌ಡಿಗೆ ರಜೆ ಕೊಡುತ್ತಾರಾ ಅಂತ ಕೇಳಿಕೊಳ್ಳಿ.