ಪದಪಟ್ಟಿ, ಬೇರು, ಕಾರ್ಡು, ಡೇಟಾಶೀಟು: ಇಂಜಿನಿಯರಿಂಗ್ ಇಂಗ್ಲಿಷಿಗೆ ಯಾವುದು ಒದಗಿತು?

‘ದಿ ಸ್ಪೆಸಿಮನ್ ಯೀಲ್ಡೆಡ್’ ಎಂಬ ವಾಕ್ಯ ಮೊದಲ ಸಲ ಎದುರಾದಾಗ, ಉಕ್ಕಿನ ಸರಳು ಅದೇನು ಇಳುವರಿ ಕೊಟ್ಟಿತಪ್ಪಾ ಎಂದು ತಲೆ ಕೆರೆದುಕೊಂಡವನು ನಾನು. ಯೀಲ್ಡ್ ಅಂದರೆ ಇಳುವರಿ ಎಂದು ಉರು ಹೊಡೆದಿದ್ದೆ. ಅದು ತಪ್ಪಲ್ಲ, ಆದರೆ ಅಲ್ಲಿ ಹೇಳಿದ್ದು ಬೇರೆ: ಭಾರ ತೆಗೆದರೂ ಸರಳು ಮೊದಲಿನ ಉದ್ದಕ್ಕೆ ಮರಳದ ಹಂತ ಮುಟ್ಟಿತು ಅಂತ. ಕನ್ನಡದಲ್ಲಿ ಓದಿ ಬಂದು ಇಂಜಿನಿಯರಿಂಗ್ ಸೇರಿದ ನಾನು, ಇಂಥ ಪೇಚಾಟ ತಪ್ಪಿಸಿಕೊಳ್ಳಲು ಎರಡು ವರ್ಷ ನಾಲ್ಕು ದಾರಿ ಹಿಡಿದು ನೋಡಿದೆ.

ಮೊದಲನೆಯದು ಪದಪಟ್ಟಿ. ಸ್ಪರ್ಧಾತ್ಮಕ ಪರೀಕ್ಷೆಗಳ ಅಕಾರಾದಿ ಪಟ್ಟಿಯನ್ನು ದಿನಕ್ಕೆ ಮೂವತ್ತು ಪದದಂತೆ ನುಂಗಿದೆ. ಬಿ ಅಕ್ಷರ ದಾಟಲಿಲ್ಲ, ಕಲಿತ ಒಂದು ಪದವೂ ಪಠ್ಯದಲ್ಲಿ ಸಿಗಲಿಲ್ಲ. ಆಮೇಲೆ ಸಿಕ್ಕಿದ್ದು 2000ನೇ ಇಸವಿಯಲ್ಲಿ ಅವೆರಿಲ್ ಕಾಕ್ಸ್‌ಹೆಡ್ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್. 570 ಪದ ಕುಟುಂಬಗಳು, ಅಂದರೆ ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪುಗಳು. ಅಸ್ಯೂಮ್, ಡಿರೈವ್, ವೇರಿ ಎಲ್ಲ ಇವೆ. ಪಠ್ಯಪುಸ್ತಕದ ಪೀಠಿಕೆ, ವಿವರಣೆ ಓದಲು ಇದು ನಿಜಕ್ಕೂ ಉಪಯೋಗಕ್ಕೆ ಬಂತು. ಆದರೆ ಇಂಗ್ಲಿಷಿನ ಅತಿ ಬಳಕೆಯ ಸುಮಾರು 2,000 ಪದಗಳನ್ನು ಇದು ಗೊತ್ತೇ ಇರುತ್ತದೆ ಎಂದು ಹೊರಗಿಟ್ಟಿದೆ. ವರ್ಕ್, ಪವರ್, ಫೋರ್ಸ್ ಆ ಹೊರಗಿಟ್ಟವುಗಳಲ್ಲೇ ಸೇರಿವೆ. ನನ್ನನ್ನು ಕೆಡವಿದ್ದು ಇಂಥ ‘ಗೊತ್ತಿರುವ’ ಪದಗಳೇ! ಗೋಡೆಯನ್ನು ಬೆವರು ಸುರಿಸಿ ತಳ್ಳಿದರೂ ಅದು ಕದಲದಿದ್ದರೆ ಗೋಡೆಯ ಮೇಲೆ ಆದ ವರ್ಕ್ ಸೊನ್ನೆ ಎನ್ನುವುದು ಯಾವ ನಿಘಂಟಿನ ‘ಕೆಲಸ’ದಿಂದಲೂ ಹೊಳೆಯುವುದಿಲ್ಲ.

ಎರಡನೆಯದು ಬೇರು ಹಿಡಿದು ಕಲಿಯುವುದು. ಐಸೋ ಅಂದರೆ ಸಮ ಎಂದು ತಿಳಿದರೆ ಐಸೋಥರ್ಮಲ್ (ಸಮ ಉಷ್ಣತೆ), ಐಸೋಬಾರಿಕ್ (ಸಮ ಒತ್ತಡ), ಐಸೋಟ್ರಾಪಿಕ್ (ಎಲ್ಲ ದಿಕ್ಕಿಗೂ ಸಮ ಗುಣ) ಒಟ್ಟಿಗೇ ಬಿಡಿಸಿಕೊಳ್ಳುತ್ತವೆ. ಥರ್ಮೋಡೈನಾಮಿಕ್ಸ್‌ಗೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ಮಿತಿಮೀರಿ ನಂಬಿದರೆ ಮಾತ್ರ ಕಷ್ಟ: ಇನ್‌ಫ್ಲೇಮಬಲ್ ಎಂಬುದರ ‘ಇನ್’ ಇಲ್ಲ ಎನ್ನುವ ಅರ್ಥದ್ದಲ್ಲ. ಹಾಗೆಂದು ಬರೆದ ಡಬ್ಬಿಯಲ್ಲಿರುವುದು ಬೆಂಕಿ ಹತ್ತಿಕೊಳ್ಳುವ ವಸ್ತುವೇ.

ಮೂರನೆಯದು ಫ್ಲ್ಯಾಶ್‌ಕಾರ್ಡ್, ಮುಂದೆ ಪದ, ಹಿಂದೆ ಅರ್ಥ ಬರೆದ ಕಾರ್ಡು. ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಮರೆವಿನ ವೇಗವನ್ನು ಅಳೆದು, 1885ರಲ್ಲಿ ಪ್ರಕಟಿಸಿದ. ಮರೆಯುವ ಹೊತ್ತಿಗೆ ಮತ್ತೆ ಕೇಳುವ ಆ್ಯಂಕಿಯಂಥ ಆ್ಯಪ್‌ಗಳ ಹಿಂದಿರುವುದು ಅದೇ ಎಳೆ. ನೆನಪಿಗೆ ಇದರ ಸಮ ಯಾವುದೂ ಇಲ್ಲ. ಎಡವಟ್ಟಾಗಿದ್ದು ನನ್ನ ಕಾರ್ಡುಗಳಲ್ಲಿ. ಪ್ರೆಷರ್ ಹಿಂದೆ ಒತ್ತಡ, ಸ್ಟ್ರೆಸ್ ಹಿಂದೆಯೂ ಒತ್ತಡ! ಆ್ಯಕ್ಯುರಸಿ ನಿಖರತೆ, ಪ್ರಿಸಿಷನ್ನೂ ನಿಖರತೆ. ಕಾರ್ಡು ತಿರುವುತ್ತಾ ನೂರಕ್ಕೆ ನೂರು ಸರಿ ಅನ್ನಿಸಿಕೊಳ್ಳುತ್ತಿದ್ದೆ, ಲ್ಯಾಬಿನಲ್ಲಿ ಎರಡನ್ನೂ ಅದಲುಬದಲು ಬರೆಯುತ್ತಿದ್ದೆ. ಆಮೇಲೆ ಹಿಂಬದಿಗೆ ಕನ್ನಡ ಪದದ ಬದಲು ಚಿತ್ರ ಬಿಡಿಸಿದೆ: ಗುರಿಯ ನಡುವಿನಿಂದ ದೂರ, ಆದರೆ ಒಂದೇ ಕಡೆ ಗುಂಪಾಗಿ ಬಿದ್ದ ಬಾಣಗಳು, ಅಂದರೆ ಪ್ರಿಸಿಷನ್ ಇದೆ, ಆ್ಯಕ್ಯುರಸಿ ಇಲ್ಲ. ಅಲ್ಲಿಂದ ಗೊಂದಲವಾಗಿಲ್ಲ.

ನಾಲ್ಕನೆಯದು ಡೇಟಾಶೀಟು (ಬಿಡಿಭಾಗದ ಜೊತೆ ತಯಾರಕರು ಕೊಡುವ ತಾಂತ್ರಿಕ ವಿವರಗಳ ಹಾಳೆ), ಮ್ಯಾನ್ಯುಯಲ್ಲುಗಳನ್ನೇ ಓದುವುದು. ಒಂದು ಗಂಟೆಗೆ ಒಂದೂವರೆ ಪುಟ ಸಾಗಿದರೆ ಹೆಚ್ಚು. ಬೇಜಾರು ವಿಪರೀತ. ಆದರೂ ನನ್ನ ಓಟು ಇದಕ್ಕೇ. ಚಿಪ್ಪಿನ ಪಿನ್ ಎರಡು ಮತ್ತು ಮೂರು ಇನ್‌ಪುಟ್, ಔಟ್‌ಪುಟ್ ‘ರೆಸ್ಪೆಕ್ಟಿವ್ಲಿ’ ಎಂದಿದ್ದ ಸಾಲನ್ನು ಗೌರವಪೂರ್ವಕ ಎಂದುಕೊಂಡು ಹಾರಿಸಿದ್ದೆ, ತಂತಿ ಉಲ್ಟಾ ಕೊಟ್ಟಿದ್ದೆ. ‘ಕ್ರಮವಾಗಿ’ ಎಂಬ ಅರ್ಥ ಇನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ. ‘ಆ್ಯಬ್ಸಲ್ಯೂಟ್ ಮ್ಯಾಕ್ಸಿಮಮ್ ರೇಟಿಂಗ್ಸ್’ ಎಂದರೆ ಅಲ್ಲಿಯವರೆಗೆ ನಡೆಸಬಹುದು ಅಂತಲ್ಲ, ದಾಟಿದರೆ ಚಿಪ್ ಸುಡಬಹುದು ಅಂತ. ನಡೆಸಬೇಕಾದ ಮಿತಿ ಇನ್ನೊಂದು ಕೋಷ್ಟಕದಲ್ಲಿರುತ್ತದೆ. ಶಾಲ್, ಶುಡ್, ಮೇ ನಡುವಿನ ಅಂತರ ವ್ಯಾಕರಣ ತರಗತಿಯಲ್ಲಿ ನನಗೆ ತಲೆಗೇ ಹತ್ತಿರಲಿಲ್ಲ. ಸ್ಟ್ಯಾಂಡರ್ಡ್‌ಗಳಲ್ಲಿ, ಅಂದರೆ ತಾಂತ್ರಿಕ ಮಾನದಂಡಗಳ ದಾಖಲೆಗಳಲ್ಲಿ, ಶಾಲ್ ಎಂದರೆ ಮಾಡಲೇಬೇಕು, ಶುಡ್ ಎಂದರೆ ಮಾಡಿದರೆ ಒಳ್ಳೆಯದು, ಮೇ ಎಂದರೆ ಅನುಮತಿ. ಇಂಟರ್‌ನೆಟ್ ಪ್ರೋಟೋಕಾಲುಗಳನ್ನು ಬರೆಯುವವರಿಗಂತೂ ಇದನ್ನು ವಿವರಿಸಲೆಂದೇ 1997ರ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆಯಿದೆ. ವಿಮಾನ ನಿರ್ವಹಣೆಯ ಕೈಪಿಡಿಗಳಿಗಾಗಿ ರೂಪಿಸಿದ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಇನ್ನೂ ಕಟ್ಟುನಿಟ್ಟು. ಅದರಲ್ಲಿ ಟೆಸ್ಟ್ ನಾಮಪದ ಮಾತ್ರ, ಕ್ರಿಯಾಪದವಾಗಿ ಬಳಸುವಂತಿಲ್ಲ.

ಈಗ ನಾನು ಮೂರನೆಯದಕ್ಕೆ ನಾಲ್ಕನೆಯದನ್ನು ಗಂಟು ಹಾಕಿದ್ದೇನೆ. ಓದುವಾಗ ಎಡವಿದ ವಾಕ್ಯವನ್ನೇ ಇಡಿಯಾಗಿ ಕಾರ್ಡಿಗೆ ಇಳಿಸುತ್ತೇನೆ, ವಾರಕ್ಕೆ ಹತ್ತು ಸಾಕು. ಯೀಲ್ಡ್ ಕಾರ್ಡಿನಲ್ಲಿ ಈಗ ನಾಲ್ಕು ವಾಕ್ಯಗಳಿವೆ: ಸರಳಿನದು, ರಾಸಾಯನಿಕ ಕ್ರಿಯೆಯ ಉತ್ಪನ್ನದ್ದು, ಒಂದು ವೇಫರ್‌ನಲ್ಲಿ (ಚಿಪ್‌ಗಳನ್ನು ತಯಾರಿಸುವ ತೆಳು ಸಿಲಿಕಾನ್ ಬಿಲ್ಲೆ) ಕೆಲಸ ಮಾಡುವ ಚಿಪ್‌ಗಳ ಪ್ರಮಾಣದ್ದು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡಿನದು. ಪರೀಕ್ಷೆಗೆ ಹದಿನೈದೇ ದಿನ ಉಳಿದಿದ್ದರೆ ಇದೆಲ್ಲ ಆಗದ ಮಾತು, ಬೇರುಗಳನ್ನೇ ಹಿಡಿಯಿರಿ.

ಉಚ್ಚಾರಣೆಗೆ ಮಾತ್ರ ನಾಲ್ಕೂ ಕೈಕೊಟ್ಟವು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಡಿಟರ್ಮಿನ್ ಅನ್ನು ‘ಡಿಟರ್‌ಮೈನ್’ ಎಂದು ಐದಾರು ಸಲ ಅಂದಿದ್ದೆ. ಎದುರಿಗಿದ್ದವರು ತಿದ್ದಲೂ ಇಲ್ಲ, ನಗಲೂ ಇಲ್ಲ. ಸಬ್‌ಟೈಟಲ್ ಹಾಕಿಕೊಂಡು ಉಪನ್ಯಾಸಗಳ ವಿಡಿಯೋ ನೋಡಲು ಶುರು ಮಾಡಿದ್ದು ಆಮೇಲೆ.