ಟಿಡಿಪಿ-43 ನೋಡಲು ಯಾವ ಆ್ಯಂಟಿಬಾಡಿ: ಮೊಲದ್ದೋ, ಇಲಿಯದ್ದೋ?

ಟಿಡಿಪಿ-43 ಹೆಚ್ಚಾಗಿ ಜೀವಕೋಶದ ನ್ಯೂಕ್ಲಿಯಸ್‌ನಲ್ಲಿರುವ ಒಂದು ಪ್ರೋಟೀನ್; ಅದಕ್ಕೆ ಅಂಟಿಕೊಂಡು ಅದು ಎಲ್ಲಿದೆ ಎಂದು ತೋರಿಸುವುದು ಆ್ಯಂಟಿಬಾಡಿ. ಮಾನಸಗಂಗೋತ್ರಿಯ ಲ್ಯಾಬುಗಳಲ್ಲಿ ಪಿಎಚ್‌ಡಿ ಮಾಡುವವರಿಗೆ ಒಂದು ವಯಲ್ ಆ್ಯಂಟಿಬಾಡಿ ಸಣ್ಣ ಖರ್ಚೇನಲ್ಲ. ಆರ್ಡರ್ ಹಾಕುವ ಮುನ್ನ ಇಷ್ಟು ನೋಡಿಕೊಳ್ಳಿ.

ಮೊಲದ ಪಾಲಿಕ್ಲೋನಲ್ (ಹಲವು ಆ್ಯಂಟಿಬಾಡಿಗಳ ಮಿಶ್ರಣ) ಈ ಪ್ರೋಟೀನಿನ ಹಲವು ಜಾಗಗಳನ್ನು ಹಿಡಿಯುತ್ತದೆ. ಜೀವಕೋಶಗಳನ್ನು ಫಿಕ್ಸ್ ಮಾಡುವಾಗ (ರಾಸಾಯನಿಕ ಹಾಕಿ ಇದ್ದ ಹಾಗೇ ನಿಲ್ಲಿಸುವಾಗ) ಒಂದು ಜಾಗ ಮುಚ್ಚಿಹೋದರೂ ಇನ್ನೊಂದು ಉಳಿದಿರುತ್ತದೆ, ಹಾಗಾಗಿ ಸಿಗ್ನಲ್ ಸಾಮಾನ್ಯವಾಗಿ ಜೋರು. ತಲೆನೋವು ಶುರುವಾಗುವುದು ಲಾಟ್ (ತಯಾರಿಕೆಯ ಕಂತು) ಬದಲಾದಾಗ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ಬ್ಲಾಟ್‌ನಲ್ಲಿ 43 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಪಟ್ಟಿಯ ಜೊತೆಗೆ ಕರೆಯದೇ ಬಂದ ನೆಂಟರ ಹಾಗೆ ಬೇರೆ ಪಟ್ಟಿಗಳೂ ಬಂದು ಕೂರುತ್ತವೆ. ಹಾಗಂತ ಎಲ್ಲವನ್ನೂ ಕಸ ಅನ್ನಬೇಡಿ: 35 ಮತ್ತು 25ರ ಸುಮಾರಿಗೆ ಕಾಣುವವು ಈ ಪ್ರೋಟೀನಿನ ಸಿ-ತುದಿಯ ನಿಜವಾದ ತುಂಡುಗಳಿರಬಹುದು. ಎನ್-ತುದಿಯನ್ನಷ್ಟೇ ಗುರುತಿಸುವ ಆ್ಯಂಟಿಬಾಡಿಗೆ ಅವು ಕಾಣುವುದೇ ಇಲ್ಲ. ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ) ಕಾಯಿಲೆಯ ಕೆಲಸವಾದರೆ ಆ ತುಂಡುಗಳು ಮುಖ್ಯ, ಇದೊಂದೇ ಅಂಶ ನಿಮ್ಮ ಆಯ್ಕೆಯನ್ನು ತೀರ್ಮಾನಿಸಬೇಕು.

ಇಲಿಯ ಮಾನೋಕ್ಲೋನಲ್ (ಒಂದೇ ಬಗೆಯ ಆ್ಯಂಟಿಬಾಡಿ) ಹಿಡಿಯುವುದು ಒಂದೇ ಜಾಗವನ್ನು. ಲಾಟ್‌ನಿಂದ ಲಾಟ್‌ಗೆ ವ್ಯತ್ಯಾಸ ಕಡಿಮೆ. ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಹೀಲಾ ಕೋಶಗಳಿಗೆ ಧಾರಾಳವಾಗಿ ಸಾಕು. ಇಲಿಯ ಮೆದುಳಿನ ಸೆಕ್ಷನ್‌ಗೆ ಮಾತ್ರ ಬೇಡ, ಇಲಿಯ ಆ್ಯಂಟಿಬಾಡಿಯನ್ನು ಹುಡುಕಿ ಹೊಳೆಯುವಂತೆ ಮಾಡುವ ಸೆಕೆಂಡರಿ ಆ್ಯಂಟಿಬಾಡಿ ಅಂಗಾಂಶದಲ್ಲೇ ಇರುವ ಇಲಿಯ ಐಜಿಜಿಗೂ (ಇಲಿಯ ಸ್ವಂತ ಆ್ಯಂಟಿಬಾಡಿಗೂ) ಅಂಟಿ ಹಿನ್ನೆಲೆಯೆಲ್ಲ ಬೆಳಗುತ್ತದೆ.

ದುಡ್ಡಿದ್ದರೆ ಮೊಲದ ರೀಕಾಂಬಿನೆಂಟ್ (ಜೀನ್‌ನಿಂದ ಲ್ಯಾಬಿನಲ್ಲಿ ತಯಾರಿಸಿದ) ಮಾನೋಕ್ಲೋನಲ್ ತಗೊಳ್ಳಿ ಅನ್ನುತ್ತೇನೆ, ಲಾಟ್ ಬದಲಾದರೂ ಅದು ಹೆಚ್ಚು ಬದಲಾಗದು. ಮೂರ್ನಾಲ್ಕು ವರ್ಷ ಎಳೆಯುವ ಥೀಸಿಸ್‌ಗೆ ಅದೇ ಅಗ್ಗ.

ಯಾವುದೇ ತಂದರೂ ಎಸ್‌ಐಆರ್‌ಎನ್‌ಎ (ಒಂದು ಜೀನ್‌ನ ಕೆಲಸ ತಡೆಯುವ ಪುಟ್ಟ ಆರ್‌ಎನ್‌ಎ) ಹಾಕಿ ಈ ಪ್ರೋಟೀನ್ ತಗ್ಗಿಸಿದ ಕೋಶಗಳಲ್ಲಿ ಮೊದಲು ಪರೀಕ್ಷಿಸಿ. ನ್ಯೂಕ್ಲಿಯಸ್‌ನ ಹೊಳಪು ಅಲ್ಲಿ ಕುಗ್ಗದಿದ್ದರೆ ಆ ವಯಲ್ ನಂಬಬೇಡಿ.